ಲಿಸ್ಬನ್ ನಗರದ ಏರುದಾರಿಗಳು: ನಿತ್ಯಜೀವನದ ದೃಷ್ಟಿಯಿಂದ ಒಂದು ವಿಚಾರ

ನಮ್ಮ ಪಶ್ಚಿಮ ಕರಾವಳಿಯ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಲಿಸ್ಬನ್ ನಗರವು ಎರಡು ಸಂದರ್ಭಗಳಲ್ಲಿ ಮಾತ್ರ ಪರಿಚಿತವಾಗಿದೆ. 1497ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಅಲ್ಲಿಂದ ಹೊರಟುವೆಂಬುದೊಂದು. ವಿಜಯನಗರವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯಿಸನ ಬರಹವನ್ನೂ ನೂನಿಸನ ಬರಹವನ್ನೂ ದಾವಿದ್ ಲೋಪಿಸ್ ಎಂಬ ವಿದ್ವಾಂಸರು 1897ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದರೆಂಬುದು ಮತ್ತೊಂದು. ಮೂರು ವರ್ಷಗಳ ತರುವಾಯ ಸೂಯೆಲರು ಅವನ್ನು ಇಂಗ್ಲಿಷಿಗೆ ತಂದುದರಿಂದ ನಮ್ಮ ನಾಡಿಗೆ ಆ ಬರಹಗಳು ತಿಳಿದುಬಂದುವು. ಇಷ್ಟನ್ನು ಬಿಟ್ಟರೆ, ಆ ಊರಿನ ಜನರು ಹೇಗೆ ಬಾಳಿದರು, ಸಂಜೆಯ ಹೊತ್ತು ಕೆಲಸ ತೀರಿಸಿಕೊಂಡು ಯಾವ ದಾರಿ ಹಿಡಿದು ಮನೆ ಸೇರಿದರು ಎಂಬ ಪ್ರಶ್ನೆ ನಮ್ಮ ಪಾಠಕ್ರಮದಲ್ಲಿ ಏಳುವುದಿಲ್ಲ. ಏಳಲು ಕಾರಣವೂ ಇಲ್ಲ.

ಈ ಲೇಖಕನಿಗೆ ಆ ಪ್ರಶ್ನೆ ಎದ್ದುದು ಸ್ವಂತದ ಒಂದು ಪ್ರಸಂಗದಿಂದ. ಕೆಳದಿಯ ಅರಸರಿಗೂ ಗೋವೆಯ ಪೋರ್ಚುಗೀಸರಿಗೂ ನಡೆದ ವ್ಯವಹಾರದ ಕಾಗದಪತ್ರಗಳನ್ನು ಪರಿಶೀಲಿಸುವ ಸಲುವಾಗಿ ಎರಡು ವರ್ಷಕಾಲ ಲಿಸ್ಬನ್ನಿನಲ್ಲಿ ನೆಲಸುವ ಅವಕಾಶವೊಂದು ಒದಗಿದೆ. ಹೋಗುವುದಾದರೆ 69 ವರ್ಷದ ತಾಯಿಯವರನ್ನೂ ಕರೆದುಕೊಂಡೇ ಹೋಗಬೇಕು. ಅವರ ಮಂಡಿಗಳೆರಡೂ ಸವೆದಿವೆ. ಅಲ್ಲಿದ್ದು ಬಂದ ಪರಿಚಿತರು ಬರೆದ ಪತ್ರಗಳಲ್ಲೆಲ್ಲ ಒಂದೇ ಮಾತು: ಆ ಊರಿನಲ್ಲಿ ವಾಹನ ಬೇಕಿಲ್ಲ, ಎಲ್ಲವೂ ನಡಿಗೆಯ ದೂರದಲ್ಲಿದೆ. ಮಾತು ಸುಳ್ಳಲ್ಲ. ಹಿಂದೊಮ್ಮೆ ಮೂರು ವಾರ ಅಲ್ಲಿದ್ದಾಗ ನಾನೂ ನಡೆದೇ ತಿರುಗಿದ್ದೇನೆ. ಆದರೆ ಒಂದು ದಿನ ಕಣಿವೆಯ ಮಾರ್ತಿಂ ಮೋನಿಸ್ ಚೌಕದ ಬಳಿಯ ಅಂಗಡಿಯಲ್ಲಿ ಹತ್ತು ಕಿಲೋ ಅಕ್ಕಿ, ಎರಡು ಕಿಲೋ ತೊಗರಿಬೇಳೆ ಕೊಂಡು ಗ್ರಾಸ ಗುಡ್ಡದ ಮೇಲಿನ ಕೊಠಡಿಗೆ ಹೊತ್ತುಕೊಂಡು ಹೋದಾಗ, ನಕಾಶೆಯಲ್ಲಿ ಕಾಲು ಗಂಟೆಯೆಂದು ಕಂಡ ದಾರಿ ಮುಕ್ಕಾಲು ಗಂಟೆಯಾಯಿತು. ನಡುವೆ ನಾಲ್ಕು ಕಡೆ ಕುಳಿತೆನು. ನಡಿಗೆಯ ಊರೆಂಬ ವರ್ಣನೆ ಬರಿಗೈಯವನದು, ಹೊರೆ ಹೊತ್ತವನ ಲೆಕ್ಕ ಬೇರೆ ಎಂಬುದು ಆ ದಿನ ಹೊಳೆಯಿತು. ಹಾಗಾದರೆ ಆ ಊರಿನಲ್ಲಿ ಹೊರೆಯನ್ನು ಹೊತ್ತವರು ಯಾರು? ಈ ಬರಹದ ವಿಷಯ ಅದೇ.

ಲಿಸ್ಬನ್ ಏಳು ಬೆಟ್ಟಗಳ ನಗರವೆಂದು ಎಲ್ಲರೂ ಹೇಳುತ್ತಾರೆ. ಈ ಏಣಿಕೆಯನ್ನು ಬಳಕೆಗೆ ತಂದವನು 1620ರಲ್ಲಿ ನಗರದ ವೈಭವಗಳನ್ನು ಕುರಿತು ಗ್ರಂಥ ಬರೆದ ನಿಕೊಲಾವು ದಿ ಒಲಿವೇಯ್ರ ಎಂಬ ಸಂನ್ಯಾಸಿ. ರೋಮಿಗೆ ಏಳು ಬೆಟ್ಟಗಳಿದ್ದುವು. ಆದಕಾರಣ ಲಿಸ್ಬನ್ನಿಗೂ ಏಳು ಬೇಕಾಯಿತು. ಏರುತಗ್ಗುಗಳನ್ನು ಕಾಲಿನಿಂದ ಎಣಿಸುವವನಿಗೆ ಏಳಕ್ಕೆ ನಿಲ್ಲಿಸಲು ಕಾರಣ ಕಾಣದು. ಕೋಟೆಯ ಬೆಟ್ಟವು ಟೇಗಸ್ ನದಿಯ ಮಟ್ಟದಿಂದ ನೂರು ಮೀಟರಿಗೂ ಹೆಚ್ಚು ಎತ್ತರವಿದೆ. ನದಿಗೂ ಕೋಟೆಗೂ ನಡುವಣ ಅಡ್ಡದೂರ ಬಹು ಸ್ವಲ್ಪವಾದ್ದರಿಂದ, ಆ ಇಳಿಜಾರಿನಲ್ಲಿ ಹಬ್ಬಿದ ಅಲ್ಫಾಮ ಕೇರಿಯ ಓಣಿಗಳು ಓಣಿಗಳೆನ್ನುವುದಕ್ಕಿಂತ ಮೆಟ್ಟಿಲುಗಳು.

ಊರು ಮೇಲೆ ಹುಟ್ಟಿದ್ದು ರಕ್ಷಣೆಗಾಗಿ. 1147ರಲ್ಲಿ ಅಫೋನ್ಸೊ ಹೆನ್ರಿಕನು ಮುಸಲ್ಮಾನರಿಂದ ಕೋಟೆಯನ್ನು ಗೆದ್ದಮೇಲೆ, ಸೋತವರಿಗೆ ಕೋಟೆಯ ಹಿಂಬದಿಯ ಇಳುಕಲಿನಲ್ಲಿ ಮೋರಾರಿಯ ಎಂಬ ಕೇರಿ ನಿಗದಿಯಾಯಿತು. ಮೂರೂವರೆ ಶತಮಾನಗಳ ಕಾಲ ಅಧಿಕಾರ ಬೆಟ್ಟದ ಮೇಲಿದ್ದಿತು. ಅದನ್ನು ಕೆಳಗಿಳಿಸಿದುದು ನಮ್ಮ ಕರಾವಳಿಯ ಮೆಣಸು. 16ನೆಯ ಶತಮಾನದ ಆರಂಭದಲ್ಲಿ ಮೊದಲನೆಯ ಮಾನುಯೆಲ್ ದೊರೆಯು ಕೋಟೆಯ ಹಳೆಯ ಅರಮನೆಯನ್ನು ಬಿಟ್ಟು ನದಿಯ ದಡದಲ್ಲಿ ಹೊಸ ಅರಮನೆಯನ್ನು ಕಟ್ಟಿಸಿಕೊಂಡನು. ಪಕ್ಕದಲ್ಲಿಯೇ ಭಾರತದ ವ್ಯಾಪಾರವನ್ನು ನೋಡಿಕೊಳ್ಳುವ ಕಚೇರಿ. ಹಡಗಿನಿಂದ ಮೂಟೆ ಇಳಿಯುವುದನ್ನು ಅರಸನು ಕಿಟಕಿಯಿಂದ ನೋಡಬಹುದಾಗಿತ್ತು. ಸಿರಿವಂತರೆಲ್ಲರೂ ಕೆಳಕ್ಕೆ ಬಂದರೆಂದಲ್ಲ. 1513ರಿಂದ ನಿವೇಶನಗಳಾಗಿ ವಿಂಗಡಿಸಲ್ಪಟ್ಟ ಪಶ್ಚಿಮದ ಗುಡ್ಡದ ಮೇಲೆ, ಇಂದು ಬಾಯ್ರು ಆಲ್ತು ಎನ್ನುವ ಭಾಗದಲ್ಲಿ, ಶ್ರೀಮಂತರು ಮನೆಗಳನ್ನು ಕಟ್ಟಿಸಿದರು. ಅವರಿಗೆ ಎತ್ತರ ಬಾಧಕವಾಗಲಿಲ್ಲ, ಏಕೆಂದರೆ ಕೊಡ ಹೊರುವವರು ಅವರಾಗಿರಲಿಲ್ಲ.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು ಅಲ್ಫಾಮದ ಅಡಿಯಲ್ಲಿರುವ 'ಅರಸನ ಚಿಲುಮೆ'ಗೆ ಸಂಬಂಧಪಟ್ಟದ್ದು. ಊರಿನ ಮುಖ್ಯ ನೀರಿನ ತಾಣಗಳಲ್ಲಿ ಅದೊಂದು, ಬೆಟ್ಟದ ಬುಡದಲ್ಲಿದೆ, ನೀರು ಬೇಕಾದವರು ಇಳಿದು ಬಂದು, ತುಂಬಿದ ಕೊಡದೊಡನೆ ಏರಿ ಹೋಗಬೇಕು. ಅಲ್ಲಿ ದಿನವೂ ನಡೆಯುತ್ತಿದ್ದ ಜಗಳಗಳನ್ನು ತಪ್ಪಿಸಲು ನಗರಸಭೆಯು 1551ರಲ್ಲಿ ಒಂದು ಕಟ್ಟಳೆಯನ್ನು ಮಾಡಿ, ಆರು ನಳಿಗೆಗಳನ್ನೂ ಜನವರ್ಗಕ್ಕೆ ತಕ್ಕಂತೆ ಹಂಚಿತು. ಮೊದಲನೆಯದು ಕಪ್ಪು ಗಂಡಸರಿಗೆ, ಮಿಶ್ರಜರಿಗೆ, ಭಾರತೀಯರಿಗೆ ಮತ್ತು ಉಳಿದ ಸೆರೆಯಾಳುಗಳಿಗೆ. ಮುಂದಿನದು ಹುಟ್ಟುಹಾಕುವ ಹಡಗುಗಳ ಮೂರರಿಗೆ. ಎರಡು ಬಿಳಿಯ ಗಂಡಸರಿಗೆ. ಒಂದು ಕಪ್ಪು, ಮಿಶ್ರಜ ಮತ್ತು ಭಾರತೀಯ ಹೆಂಗಸರಿಗೆ. ಕಡೆಯದು ಬಿಳಿಯ ಹೆಂಗಸರಿಗೆ ಮತ್ತು ಹುಡುಗಿಯರಿಗೆ. ಈ ಪಟ್ಟಿಯನ್ನು ಓದುವ ಕನ್ನಡಿಗನು ಒಂದು ಕ್ಷಣ ನಿಲ್ಲದೆ ಇರಲಾರನು. ವಿಜಯನಗರ ಇನ್ನೂ ನಿಂತಿದ್ದ ಕಾಲ ಅದು. ಗೋವೆಯ ಮಾರ್ಗವಾಗಿ ಸಾಗಿಸಲ್ಪಟ್ಟ ಈ ಹೆಸರಿಲ್ಲದ ಜನರು ಯಾವ ಯಾವ ನಾಡಿನವರೋ ಕಟ್ಟಳೆಯಲ್ಲಿಲ್ಲ. ಆದರೆ ಅವರು ಆ ಮೆಟ್ಟಿಲುಗಳನ್ನು ನೀರು ಹೊತ್ತು ಏರಿದುದು ನಿಶ್ಚಯ. ಅದೇ ಸುಮಾರಿಗೆ ಸಿದ್ಧವಾದ ಒಂದು ಜನಗಣತಿಯ ಪ್ರಕಾರ ಸುಮಾರು ಒಂದು ಲಕ್ಷ ನಿವಾಸಿಗಳಲ್ಲಿ ಹತ್ತು ಸಾವಿರಕ್ಕೆ ಸಮೀಪದಷ್ಟು ಮಂದಿ ಗುಲಾಮರು. ನೀರು ಮೇಲೆ ಹೋದಂತೆಯೇ ಮಲಿನವು ಕೆಳಗಿಳಿಯಬೇಕಷ್ಟೆ. ಮನೆಗಳ ಮಲಪಾತ್ರೆಗಳನ್ನು ತಲೆಯ ಮೇಲಿಟ್ಟುಕೊಂಡು ನದಿಗೆ ಸುರಿದು ಬರುವುದು ಗುಲಾಮ ಹೆಂಗಸರ ಪಾಲಿನ ಕೆಲಸವಾಗಿದ್ದಿತು. ಲಿಸ್ಬನ್ನಿನ ಸೊಬಗನ್ನು ಕೊಂಡಾಡುವ ಪ್ರವಾಸಕಥನಗಳಲ್ಲಿ ಇವರಿಗೆ ಸಿಕ್ಕಿರುವ ಸ್ಥಳ ಅತ್ಯಲ್ಪ.

18ನೆಯ ಶತಮಾನದಲ್ಲಿ ಈ ವ್ಯವಸ್ಥೆ ಎರಡು ಕಡೆಯಿಂದ ಬದಲಾಯಿತು. ಐದನೆಯ ಜೊವಾವು ದೊರೆಯು 1731ರಲ್ಲಿ ದೂರದ ಊಟೆಗಳಿಂದ ನೀರು ತರುವ ಮೇಲ್ಗಾಲುವೆಗೆ ಅಪ್ಪಣೆಯಿತ್ತನು. ಅದರ ಖರ್ಚಿಗಾಗಿ ದ್ರಾಕ್ಷಾಮದ್ಯ, ಆಲಿವ್ ಎಣ್ಣೆ, ಮಾಂಸ ಮೊದಲಾದುವುಗಳ ಮೇಲೆ ತೆರಿಗೆ ಬಿದ್ದಿತು. ಎಂದರೆ ಹಣ ಕೊಟ್ಟವರು ಊರಿನ ಜನರೇ. 1748ರಲ್ಲಿ ನೀರು ನಗರವನ್ನು ಮುಟ್ಟಿತು. ಅಲ್ಕಾಂತರ ಕಣಿವೆಯನ್ನು ದಾಟುವಲ್ಲಿ ಈ ಕಾಲುವೆಯನ್ನು ಹೊತ್ತಿರುವ 35 ಕಮಾನುಗಳಲ್ಲಿ ಅತಿ ಎತ್ತರದ್ದು ಸುಮಾರು 65 ಮೀಟರು. ಬೆಟ್ಟದ ಮೇಲಣ ಕೇರಿಗಳ ಬಳಿಗೂ ಚಿಲುಮೆಗಳು ಬಂದುವು. ಇತ್ತ 1761ರಲ್ಲಿ ಪೋರ್ಚುಗಲ್ ದೇಶದೊಳಕ್ಕೆ ಹೊಸ ಗುಲಾಮರನ್ನು ತರುವುದು ನಿಷಿದ್ಧವಾಯಿತು. ವಸಾಹತುಗಳಲ್ಲಿ ಮಾತ್ರ ಗುಲಾಮಗಿರಿ ಇನ್ನೂ ಒಂದು ಶತಮಾನ ನಡೆಯಿತು. ಗುಲಾಮರ ಜಾಗಕ್ಕೆ ಬಂದವರು ಸ್ಪೇನಿನ ಗಲೀಸಿಯ ಪ್ರಾಂತದ ಬಡ ರೈತರು. ಮರದ ಪೀಪಾಯಿಯನ್ನು ಹೆಗಲಿಗೇರಿಸಿ ಬೀದಿಬೀದಿಯಲ್ಲಿ ಕೂಗುತ್ತ, ಮನೆಯ ಮೆಟ್ಟಿಲುಗಳನ್ನೂ ಏರಿ, ಅಡುಗೆಮನೆಗೆ ನೀರು ಸುರಿದು ಹೋಗುತ್ತಿದ್ದರು. ಬೆಂಕಿ ಬಿದ್ದಾಗ ಪೀಪಾಯಿಗಳೊಡನೆ ಓಡಿ ಬರುವುದೂ ಅವರ ಕರ್ತವ್ಯ. ಸಮುದ್ರದ ಮೀನನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಗುಡ್ಡದ ಮನೆಗಳಿಗೆ ಮಾರುತ್ತಿದ್ದ ಹೆಂಗಸರನ್ನು ಇದರ ಜೊತೆಗೆ ನೆನೆಯಬೇಕು. ನಮ್ಮ ಕರಾವಳಿಯ ಮೊಗವೀರ ಹೆಂಗಸರನ್ನು ಕಂಡವರಿಗೆ ಅವರ ಚಿತ್ರಗಳಲ್ಲಿ ಹೊಸದೇನೂ ತೋರದು.

ಈ ನಗರವನ್ನು ಬಿಟ್ಟು ಬೇರೆ ಕಡೆ ಹೋಗೋಣವೇ ಎಂಬ ಪ್ರಶ್ನೆ ಒಬ್ಬಿಬ್ಬರಿಗಲ್ಲ, ಇಡೀ ರಾಜ್ಯಕ್ಕೇ ಒಮ್ಮೆ ಎದುರಾಗಿದ್ದಿತು. 1755ರ ನವೆಂಬರ್ 1ರ ಬೆಳಗ್ಗೆ, ಸಕಲ ಸಂತರ ಹಬ್ಬದ ದಿನ, ಭೂಕಂಪವಾಯಿತು. ಹಿಂದೆಯೇ ಸಮುದ್ರ ನುಗ್ಗಿತು. ಆಮೇಲೆ ದಿನಗಟ್ಟಲೆ ಬೆಂಕಿ ಉರಿಯಿತು. ನದಿಯ ದಡದ ಅರಮನೆ ಹೋಯಿತು. ಬೆಟ್ಟಗಳ ನಡುವಿನ ತಗ್ಗು, ಮೆಕ್ಕಲು ಮಣ್ಣಿನ ಮೇಲೆ ನಿಂತಿದ್ದ ಊರಿನ ಅಂಗಡಿಬೀದಿ, ಪೂರ್ತಿ ನಾಶವಾಯಿತು. ಗಟ್ಟಿ ನೆಲದ ಮೇಲಿದ್ದ ಅಲ್ಫಾಮ ಬಹುಮಟ್ಟಿಗೆ ಉಳಿಯಿತು. ಹೊಸ ಮೇಲ್ಗಾಲುವೆಯೂ ನಿಂತಿತು.

ಆಗ ರಾಜ್ಯದ ಮುಖ್ಯ ಇಂಜಿನಿಯರ್ ಆಗಿದ್ದವರು ಮಾನುಯೆಲ್ ದ ಮಾಯ. 1677ರಲ್ಲಿ ಹುಟ್ಟಿದವರು, ಎಂದರೆ ಆಗ 78 ವರ್ಷ. ಮೇಲ್ಗಾಲುವೆಯ ಕೆಲಸದಲ್ಲಿ ದುಡಿದಿದ್ದ ಇವರೇ ತೋರ್ರೆ ದು ತೋಂಬು ಎಂಬ ರಾಜಪತ್ರಾಗಾರದ ಅಧಿಕಾರಿಯೂ ಆಗಿದ್ದರು. ಪತ್ರಾಗಾರವಿದ್ದುದು ಕೋಟೆಯ ಒಂದು ಗೋಪುರದಲ್ಲಿ. ಭೂಕಂಪದಲ್ಲಿ ಅದು ಬಿದ್ದಿತು. ಮುದುಕರಾದ ಇವರು ಅವಶೇಷಗಳೊಳಗಿನಿಂದ ದಫ್ತರಗಳನ್ನು ತೆಗೆಸಿ, ಕೋಟೆಯ ಬಯಲಿನಲ್ಲಿ ಹಲಗೆಯ ಗುಡಿಸಲು ಹಾಕಿಸಿ ಅದರಲ್ಲಿ ಇಡಿಸಿದರು. 1757ರಲ್ಲಿ ಅವು ಸಾವು ಬೆಂತು ಮಠಕ್ಕೆ ಹೋದುವು. ನಮ್ಮ ನಾಡಿನ ಇತಿಹಾಸಕ್ಕೆ ಸಂಬಂಧಿಸಿದ ಎಷ್ಟೋ ಕಾಗದಗಳು ಉಳಿದದ್ದು ಈ ಒಬ್ಬರ ಶ್ರದ್ಧೆಯಿಂದ. ಸಂಶೋಧಕರು ಅವರನ್ನು ನೆನೆಯುವುದು ಅಪರೂಪ.

ಇದೇ ದ ಮಾಯರು ಭೂಕಂಪವಾಗಿ ಐದು ವಾರ ಕಳೆಯುವುದರೊಳಗೆ, ನಗರವನ್ನು ಏನು ಮಾಡಬೇಕೆಂಬ ಬಗ್ಗೆ ತಮ್ಮ ವಿವೇಚನೆಯ ಮೊದಲ ಭಾಗವನ್ನು ಬರೆದು ಒಪ್ಪಿಸಿದರು. ಐದು ದಾರಿಗಳನ್ನು ಅವರು ತೂಗಿ ನೋಡಿದ್ದಾರೆ. ಇದ್ದಂತೆಯೇ ಕಟ್ಟುವುದು, ಎತ್ತರ ಹಾಗೆಯೇ ಇರಲಿ, ಬೀದಿ ಮಾತ್ರ ಅಗಲವಾಗಲಿ ಎನ್ನುವುದು, ಬೀದಿಯನ್ನು ಅಗಲಮಾಡಿ ಮನೆಯ ಅಂತಸ್ತುಗಳನ್ನೂ ಇಳಿಸುವುದು, ತಗ್ಗಿನ ಭಾಗವನ್ನೆಲ್ಲ ನೆಲಸಮಮಾಡಿ ಹೊಸದಾಗಿ ಬೀದಿ ಎಳೆಯುವುದು, ಕಡೆಯದಾಗಿ, ಹಳೆಯ ಊರನ್ನು ಬಿಟ್ಟು ಪಶ್ಚಿಮಕ್ಕೆ ಬೆಲೆಂ ಕಡೆಯಲ್ಲಿ ಬೇರೆ ನಗರವನ್ನೇ ಕಟ್ಟುವುದು. ಕಡೆಯ ಆಯ್ಕೆ ಹುಚ್ಚು ಕಲ್ಪನೆಯೇನಲ್ಲ. ದೊರೆ ಜೊಸೆ ಸ್ವತಃ ಅದನ್ನು ತನ್ನ ಮಟ್ಟಿಗೆ ಆಚರಿಸಿದನು. ಕಲ್ಲುಕಟ್ಟಡದ ಕೆಳಗೆ ಮಲಗಲು ಅಂಜಿ, ಅಜೂಡ ಗುಡ್ಡದಲ್ಲಿ ಮರದ ಅರಮನೆ ಮಾಡಿಸಿಕೊಂಡು ಸಾಯುವವರೆಗೆ ಅಲ್ಲಿಯೇ ಇದ್ದನು. ಪ್ರಜೆಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಅವರ ನಿವೇಶನ, ಬಾಡಿಗೆ, ಸಾಲ, ಗಿರಾಕಿ, ಇಗರ್ಜಿ ಎಲ್ಲವೂ ಹಳೆಯ ಬೂದಿಯಲ್ಲಿದ್ದುವು. ಕೊನೆಗೆ ನಾಲ್ಕನೆಯ ದಾರಿಯೇ ಅಂಗೀಕೃತವಾಯಿತು. ಎವುಜೆನಿಯು ದುಸ್ ಸಾಂತುಸ್ ಮತ್ತು ಕಾರ್ಲುಸ್ ಮಾರ್ದೆಲ್ ಎಂಬ ಶಿಲ್ಪಿಗಳ ಕೈಯಿಂದ, ಮಂತ್ರಿ ಪೊಂಬಾಲನ ಆಡಳಿತದಲ್ಲಿ, ಬಾಯ್ಷ ಎಂಬ ಸಮತಟ್ಟಾದ ನೇರ ಬೀದಿಗಳ ಪೇಟೆ ಎದ್ದಿತು. ಗೋಡೆಗಳೊಳಗೆ ಮರದ ಪಂಜರ, ನೆಲದಡಿಯಲ್ಲಿ ಮರದ ಗೂಟಗಳು. ನಗರದಲ್ಲಿ ಹೊರೆ ಹೊತ್ತವನಿಗೂ ಸುಲಭವಾದ ನಡಿಗೆ ಎಲ್ಲಿಯಾದರೂ ಉಂಟಾದರೆ ಅದು ಇಲ್ಲಿ. ಆದರೆ ಇಲ್ಲಿ ಕೂಡ ಮನೆಗಳು ನಾಲ್ಕೈದು ಅಂತಸ್ತಿನವು. ಬೆಟ್ಟದ ಏರನ್ನು ತಪ್ಪಿಸಿಕೊಂಡವನು ಮನೆಯೊಳಗಿನ ಏರನ್ನು ಹತ್ತಲೇಬೇಕಾಯಿತು.

ಬೆಟ್ಟವನ್ನು ಯಂತ್ರದಿಂದ ಗೆಲ್ಲುವ ಯತ್ನ 1880ರ ದಶಕದ್ದು. 1880ರಲ್ಲಿ ಅಲ್ವಿಯೆಲ ನದಿಯ ನೀರು ಊರಿಗೆ ಬಂದಿತು; ಬಾರ್ಬಾದಿನ್ಯುಸ್ ಎಂಬಲ್ಲಿ ಉಗಿಯಂತ್ರಗಳು ಅದನ್ನು ಎತ್ತರದ ಕೇರಿಗಳಿಗೆ ತಳ್ಳಿದುವು. ಗಲೀಸಿಯದವರ ಕೂಗು ಕ್ರಮೇಣ ನಿಂತಿತು. ಪೋರ್ತು ನಗರದಲ್ಲಿ ಹುಟ್ಟಿದ ರಾವುಲ್ ಮೆನಿಯೆ ದು ಪೊನ್ಸಾರ್ ಎಂಬ ಇಂಜಿನಿಯರು, ಕಡಿದಾದ ಬೀದಿಗಳಲ್ಲಿ ಹಗ್ಗಕ್ಕೆ ಕಟ್ಟಿದ ಜೋಡಿ ಬಂಡಿಗಳನ್ನು ಓಡಿಸಿದರು. ಲಾವ್ರದ ಬಂಡಿ 1884ರಲ್ಲಿ, ಗ್ಲೋರಿಯದ್ದು 1885ರಲ್ಲಿ, ಬೀಕದ್ದು 1892ರಲ್ಲಿ. ಒಂದು ಇಳಿಯುವಾಗ ಇನ್ನೊಂದು ಏರುವುದು ಇವುಗಳ ತತ್ತ್ವ. ಗ್ಲೋರಿಯದಲ್ಲಿ ಮೊದಮೊದಲು ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬಿ, ಆ ಭಾರದಿಂದಲೇ ಕೆಳಗಿನದನ್ನು ಎಳೆಸುತ್ತಿದ್ದರು. ಮನುಷ್ಯರು ಮೇಲಕ್ಕೆ ಹೊತ್ತ ನೀರು ಈಗ ಇಳಿಯುತ್ತ ಮನುಷ್ಯರನ್ನು ಮೇಲಕ್ಕೆಳೆಯಿತು. 1901ರಲ್ಲಿ ವಿದ್ಯುತ್ ಟ್ರಾಮು. 1902ರಲ್ಲಿ ಬಾಯ್ಷದಿಂದ ಮೇಲಿನ ಬೀದಿಗೆ 45 ಮೀಟರು ಎತ್ತರದ ಕಬ್ಬಿಣದ ಗೋಪುರದೊಳಗಣ ಲಿಫ್ಟು. ಇವು ನೋಟಕ್ಕಾಗಿ ಹುಟ್ಟಿದವಲ್ಲ. ಕೂಲಿಯವರು, ಗುಮಾಸ್ತರು, ಅಗಸಗಿತ್ತಿಯರು ಬಳಸಲೆಂದು ಹುಟ್ಟಿದವು. 20ನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರವಾಸಿಗಳೇ ಅವನ್ನು ತುಂಬಿಕೊಂಡರು. ನಾನಿದ್ದ ಮೂರು ವಾರಗಳಲ್ಲಿ ಕೈಚೀಲ ಹಿಡಿದ ಮುದುಕಿಯರು ಸಾಲಿನ ಉದ್ದವನ್ನು ನೋಡಿ, ಮಾತಾಡದೆ ಮೆಟ್ಟಿಲ ಕಡೆ ತಿರುಗುವುದನ್ನು ಹಲವು ಸಲ ಕಂಡೆನು. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯದ ಎರಡು ಬಂಡಿಗಳನ್ನು ಕೂಡಿಸಿದ್ದ ಹಗ್ಗವು ತನ್ನ ಬಂಧನದಿಂದ ಕಳಚಿ, ಒಂದು ಬಂಡಿ ಇಳಿಜಾರಿನಲ್ಲಿ ಉರುಳಿ 16 ಮಂದಿ ಸತ್ತರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಹೊರಡುವ ಮಾತು ನಡೆಯಲಿಲ್ಲ.

ಇನ್ನು ಕಾಲ ಕೆಳಗಿನ ನೆಲದ ಒಂದು ಮಾತು. ಸುಣ್ಣಕಲ್ಲಿನ ಬಿಳಿ ತುಂಡುಗಳನ್ನೂ ಕರಿಗಲ್ಲನ್ನೂ ಜೋಡಿಸಿ ಚಿತ್ತಾರ ಬಿಡಿಸುವ ಕಾಲುದಾರಿಗಳು ಈ ನಗರದ ಹೆಮ್ಮೆ. 1842ರಲ್ಲಿ ಕೋಟೆಯ ಕೈದಿಗಳಿಂದ ಮೊದಲು ಹಾಸಿಸಿದವನು ಅಲ್ಲಿನ ಸೇನಾಧಿಕಾರಿ ಎವುಸೆಬಿಯು ಫುರ್ತಾದು; ರೊಸಿಯು ಚೌಕದ ಅಲೆಯಾಕಾರದ ಹಾಸು 1848-49ರದು. ಒಣದಿನಗಳಲ್ಲಿ ಕಣ್ಣಿಗೆ ಹಬ್ಬ. ಆದರೆ ಕಾಲುಗಳ ಉಜ್ಜಿಗೆಯಿಂದ ಕಲ್ಲು ನುಣುಪಾಗಿ, ಚಳಿಗಾಲದ ಮಳೆ ಬಿದ್ದಿತೆಂದರೆ ಇಳಿಜಾರಿನಲ್ಲಿ ಕಾಲೂರುವುದು ಕಷ್ಟ. ಮಲೆನಾಡಿನ ಪಾಚಿಗಟ್ಟಿದ ಅಂಗಳವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇಷ್ಟು ಹೇಳಿದಮೇಲೆ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ನೀರು ತಾನಾಗಿ ಬೆಟ್ಟವನ್ನೇರಿದರೂ ಅಲ್ಫಾಮ, ಮೋರಾರಿಯ, ಗ್ರಾಸಗಳು ಬಹುಕಾಲ ಬಡವರ ಕೇರಿಗಳಾಗಿಯೇ ಉಳಿದುವು. ಅದಕ್ಕೆ ಕಾರಣ ಕಾಯಿದೆ. 1948ರಲ್ಲಿ ಲಿಸ್ಬನ್ ಮತ್ತು ಪೋರ್ತು ನಗರಗಳಲ್ಲಿ ಮನೆಬಾಡಿಗೆಯನ್ನು ಸ್ಥಗಿತಗೊಳಿಸಲಾಯಿತು. ಬಾಡಿಗೆದಾರರು ಉಳಿದರು, ಒಡೆಯರು ರಿಪೇರಿ ಮಾಡಿಸದಾದರು, ಸೂರು ಸೋರಿತು. ಹೊಸ ಸಂಸಾರಗಳು ಹೊರವಲಯಗಳಿಗೆ ಹೋದುವು. 1981ರಲ್ಲಿ ಎಂಟು ಲಕ್ಷಕ್ಕೆ ಮೇಲ್ಪಟ್ಟಿದ್ದ ನಗರದ ಜನಸಂಖ್ಯೆ 2021ರಲ್ಲಿ ಐದೂವರೆ ಲಕ್ಷಕ್ಕೆ ಇಳಿದಿದ್ದಿತು. 2012ರ ಕಾಯಿದೆಯು ಹಳೆಯ ಬಾಡಿಗೆಗಳ ಕಟ್ಟನ್ನು ಸಡಿಲಿಸಿತು. ಅದೇ ವರ್ಷ, ಆಸ್ತಿ ಕೊಂಡ ಪರದೇಶಿಗಳಿಗೆ ವಾಸದ ಹಕ್ಕು ಕೊಡುವ ಏರ್ಪಾಡು ಬಂದಿತು; ಆಸ್ತಿಯ ಮೂಲಕ ಆ ಹಕ್ಕು ಪಡೆಯುವುದನ್ನು ನಿಲ್ಲಿಸಿದುದು 2023ರಲ್ಲಿ. ಈ ಹತ್ತು ವರ್ಷಗಳಲ್ಲಿ ಗುಡ್ಡದ ಮೇಲಿನ ನದಿಯ ನೋಟಕ್ಕೆ ಬೆಲೆ ಬಂದಿತು. ಹಿಂದೆ ಎತ್ತರವು ಭಾರವಾದುದರಿಂದ ಅಗ್ಗವಾಗಿತ್ತು. ಹೊರುವ ಕೆಲಸ ಕಣ್ಣಿಗೆ ಬೀಳದಂತಾದಮೇಲೆ ಅದೇ ಎತ್ತರ ದುಬಾರಿಯಾಯಿತು.

ಕಣ್ಣಿಗೆ ಬೀಳದಂತಾಯಿತು ಎಂದೆನೇ ಹೊರತು ಇಲ್ಲವಾಯಿತೆಂದು ಹೇಳಲಿಲ್ಲ. ಲಿಫ್ಟಿಲ್ಲದ ಹಳೆಯ ಮನೆಗಳ ನಾಲ್ಕನೆಯ ಅಂತಸ್ತಿಗೆ ಅನಿಲದ ಸಿಲಿಂಡರನ್ನು ಈಗಲೂ ಯಾರೋ ಹೊತ್ತೇ ತರಬೇಕು. ಅಂಗಡಿಯ ಸಾಮಾನನ್ನೂ ಹೋಟೆಲಿನ ಊಟವನ್ನೂ ಮನೆಬಾಗಿಲಿಗೆ ಮುಟ್ಟಿಸುವ ಹುಡುಗರಲ್ಲಿ ಬಾಂಗ್ಲಾದೇಶ, ನೇಪಾಳ, ಭಾರತಗಳವರು ಅನೇಕರು. 1551ರ ಮೊದಲನೆಯ ನಳಿಗೆಯ ನೆನಪು ಇಲ್ಲಿ ಬರುವುದು ಸಹಜವಾದರೂ, ಹೋಲಿಕೆಯನ್ನು ಹೆಚ್ಚು ಎಳೆಯುವುದು ಇತಿಹಾಸಕಾರನಿಗೆ ತರವಲ್ಲ. ಅಂದಿನವರು ಮಾರಾಟವಾದವರು, ಇಂದಿನವರು ಸಾಲ ಮಾಡಿಯಾದರೂ ತಾವಾಗಿ ಬಂದವರು, ವಾಸದ ಪತ್ರ ಸಿಕ್ಕಮೇಲೆ ಬೇರೆ ಕೆಲಸ ಹಿಡಿಯುವ ಆಸೆಯುಳ್ಳವರು. ಮಾರ್ತಿಂ ಮೋನಿಸಿನಲ್ಲಿ ನನಗೆ ಅಕ್ಕಿ ಅಳೆದುಕೊಟ್ಟವನು, ನಾನು ಹೊತ್ತುಕೊಂಡು ಹೋಗುತ್ತೇನೆಂದಾಗ ನಕ್ಕು, ಇಷ್ಟು ಹಣ ಕೊಟ್ಟರೆ ಹುಡುಗನನ್ನು ಕಳಿಸುತ್ತೇನೆಂದನು. ಜಿಪುಣತನದಿಂದ ಬೇಡವೆಂದೆ.

ಈಗ ನನ್ನ ಮುಂದಿರುವ ವಿಷಯ ಸಣ್ಣದು. ಗ್ರಾಸದಲ್ಲಿ ಒಂದು ಮನೆ ಗೊತ್ತುಮಾಡಬಹುದೆಂದು ಪರಿಚಿತರೊಬ್ಬರು ಬರೆದಿದ್ದಾರೆ: ಮೂರನೆಯ ಅಂತಸ್ತು, 58 ಮೆಟ್ಟಿಲು, ಲಿಫ್ಟಿಲ್ಲ, ಕಿಟಕಿಯಿಂದ ಇಡೀ ನದಿ ಕಾಣುತ್ತದೆ. ಪತ್ರವನ್ನು ತಾಯಿಯವರಿಗೆ ಓದಿ ಹೇಳಿದೆನು. ಮದುವೆಯಾದ ಹೊಸದರಲ್ಲಿ ತೀರ್ಥಹಳ್ಳಿಯ ಕಡೆಯ ಮನೆಗೆ ಕೆಳಗಿನ ಬಾವಿಯಿಂದ ನೀರು ಹೊತ್ತವರು ಅವರು. ಎಲ್ಲವನ್ನೂ ಕೇಳಿ, "ನೀರು ಮನೆಗೇ ಬರುತ್ತೇನೋ, ಹೊರಬೇಕೋ?" ಎಂದರು. ಬರುತ್ತದೆಂದೆ. "ಹಾಗಾದ್ರೆ ನಾನು ಹತ್ತಿದ ಮೇಲೆ ಇಳಿಯೋದೇ ಬೇಡ ಬಿಡು" ಎಂದರು. ಅವರು ಅದನ್ನು ಸಮಾಧಾನಕ್ಕಾಗಿ ಹೇಳಿದರು. ಆದರೆ ಆ ನಗರದ ಮೇಲಂತಸ್ತುಗಳಲ್ಲಿ, ಹತ್ತಿದಮೇಲೆ ಇಳಿಯದೆ ಉಳಿದ ವೃದ್ಧರು ಕಡಮೆಯಿಲ್ಲವೆಂಬುದನ್ನು ನಾನು ಬಲ್ಲೆ. ಎರಡು ವರ್ಷ ನದಿಯನ್ನು ನೋಡುತ್ತ ಕುಳಿತಿರಲು ಅವರನ್ನು ಸಾಗರದಾಚೆಗೆ ಕರೆದೊಯ್ಯುವುದು ಹೇಗೆ?

ಇಷ್ಟಕ್ಕೂ ನಾನು ನೋಡಬೇಕಾದ ಕಾಗದಗಳು ಈಗ ಬೆಟ್ಟದ ಮೇಲಿಲ್ಲ. ಪತ್ರಾಗಾರವು 1990ರಲ್ಲಿ ಸಾವು ಬೆಂತುವಿನಿಂದ ನಗರದ ಉತ್ತರಭಾಗದ ವಿಶ್ವವಿದ್ಯಾನಿಲಯದ ಆವರಣಕ್ಕೆ, ಚಪ್ಪಟೆಯಾದ ನೆಲಕ್ಕೆ, ಹೊಸ ಕಟ್ಟಡಕ್ಕೆ ಬಂದಿದೆ. ಅದಕ್ಕೆ ಸಮೀಪದಲ್ಲಿಯೇ 1940ರ ದಶಕದಲ್ಲಿ ಯೋಜಿಸಿ ಕಟ್ಟಿದ ಅಲ್ವಲಾದಿ ಎಂಬ ಬಡಾವಣೆಯಿದೆ. ಪ್ರವಾಸಿಗಳು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ. ಸಂತೆಕಟ್ಟೆ, ಔಷಧದ ಅಂಗಡಿ, ಮರದ ನೆರಳಿನ ಬೆಂಚು ಎಲ್ಲ ಸಮನೆಲದಲ್ಲಿವೆ. ನದಿ ಮಾತ್ರ ಕಾಣುವುದಿಲ್ಲ. ಅಲ್ಲಿ ನೆಲಅಂತಸ್ತಿನ ಮನೆ ಸಿಕ್ಕುವುದೇ, ಬಾಗಿಲಿಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯುಂಟೇ ಎಂದು ವಿಚಾರಿಸಿ ಹೋದ ವಾರ ಪತ್ರ ಬರೆದಿದ್ದೇನೆ. ಉತ್ತರ ಬಂದಮೇಲೆ ಇಲಾಖೆಗೆ ರಜೆಯ ಅರ್ಜಿ ಕೊಡಬೇಕು.